ಹಬ್ಬಕ್ಕೆ ಸಿಕ್ಕ ಮೊಣಕೈ

"ಈ ಸಲ ಮೊಣಕೈ ನೋವಿನ ವಂಶವನ್ನೇ ನಿರ್ನಾಮ ಮಾಡಿ ಬರ್ತೀನಿ!" ಎಂದು ಘೋಷಿಸಿ ಕುಣಿಗಲ್‌ನಲ್ಲಿ ತುಮಕೂರು ಬಸ್ಸು ಹತ್ತಿದವರು ಬೀಗದಂಗಡಿ ಬಾಬಾ ಜಾನ್ ಸಾಹೇಬರು. ಅವರ ಕೈಹಿಡಿತ ಊರಿಗೇ ಹೆಸರುವಾಸಿ. ಕೈ ಕುಲುಕಿದವರು ಆಮೇಲೆ ಬೆರಳು ಎಣಿಸಿಕೊಳ್ಳುತ್ತಿದ್ದರು. ಕುಣಿಗಲ್ ಫಾರಂನ ಕುದುರೆಯೂ ಅವರನ್ನು ಕಂಡರೆ ಗೊರಸು ಹಿಂದಕ್ಕೆಳೆದುಕೊಳ್ಳುತ್ತದೆಂದು ಪ್ರತೀತಿ. ಅಂಥ ಕೈ ವರ್ಷದಿಂದ ಚಹಾದ ಲೋಟ ಎತ್ತಲೂ ಒದ್ದಾಡುತ್ತಿತ್ತು. ಅಂಗಡಿಯ ಶಟರ್ ಎತ್ತುತ್ತಿದ್ದವರು ಹೆಂಡತಿ ತಾಜುನ್ನೀಸಾ!

ಡಾಕ್ಟರ್ ಲಕ್ಷ್ಮೀಕಾಂತ್ ಸ್ಕ್ಯಾನ್ ಪರದೆ ನೋಡಿಕೊಂಡೇ ಸೂಜಿ ಇಳಿಸಿ, ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿಯಲ್ಲಿ ಕೆಟ್ಟಿದ್ದ ಜಾಗವನ್ನು ಕೆದಕಿದರು. ಕೊಯ್ಯಲಿಲ್ಲ, ಹೊಲಿಯಲಿಲ್ಲ.

"ಇಷ್ಟೇನಾ? ನಮ್ಮನೆ ಸೊಳ್ಳೆ ಇದಕ್ಕಿಂತ ಸೀರಿಯಸ್ಸಾಗಿ ಕೆಲ್ಸ ಮಾಡುತ್ತೆ!"

"ಎರಡು ವಾರ ಏನೂ ಎತ್ತಬೇಡಿ, ಬಿಗಿಯಾಗಿ ಹಿಡೀಬೇಡಿ. ಇಲ್ದಿದ್ರೆ ಎಲ್ಲಾ ಮೊದಲಿಂದ ಶುರು," ಎಂದ ಡಾಕ್ಟರು ಕುತ್ತಿಗೆಗೆ ಪಟ್ಟಿ ಹಾಕಿ ಕೈಯನ್ನು ತೂಗುಬಿಟ್ಟರು.

ಎರಡು ದಿನ ಕಳೆದು ಈದ್. ಹೊಸ ಜುಬ್ಬಾ ತೊಟ್ಟ ಸಾಹೇಬರು ಪಟ್ಟಿ ಕಿತ್ತೆಸೆದರು.

"ಏನ್ರೀ, ಡಾಕ್ಟ್ರು ಹೇಳಿದ್ದು ಮರ್ತೋಯ್ತಾ?"

"ಹಬ್ಬದ ದಿನ ಕೈ ತೂಗಾಕ್ಕೊಂಡು ಹೋದ್ರೆ ನೀನೇ ಹೊಡ್ದೆ ಅಂತಾರೆ ಕಣೇ!"

"ಅನ್ಲಿ ಬಿಡಿ. ಬೀದೀಲಿ ನನಗೂ ಒಂಚೂರು ಮರ್ಯಾದೆ ಬರುತ್ತೆ."

ಬಲಗೈ ಎದೆಗಿಟ್ಟು, ದೂರದಿಂದಲೇ ಸಲಾಂ ಹೇಳಿ ಜಾರಿಕೊಳ್ಳುವುದು ಸಾಹೇಬರ ಮಹಾಯೋಜನೆ. ನಮಾಜು ಮುಗಿದದ್ದೇ ತಡ, ಈದ್ಗಾ ಮೈದಾನಕ್ಕೆ ಮೈದಾನವೇ ಎದ್ದು ಕೈ ಚಾಚಿತು! ಮೊದಲು ಸಿಕ್ಕವನು ಟೈಲರ್ ಜಾವೇದ್.

"ಏನ್ ಸಾಬ್ರೇ, ಎದೆ ಮುಟ್ಕೊಂಡು ನಿಂತಿದೀರಾ? ನಮ್ಮಂಥೋರಿಗೆ ಕೈ ಕೊಡಲ್ವಾ? ದೊಡ್ಡೋರಾಗ್ಬಿಟ್ರಿ!"

ಆ ಮಾತು ಡಾಕ್ಟರ ಸೂಜಿಗಿಂತ ಆಳಕ್ಕಿಳಿಯಿತು. ಎಡಗೈ ಕೊಟ್ಟರೆ ಅವಮಾನ, ಕೊಡದಿದ್ದರೆ ಜಂಬ. ಬಲಗೈ ಹೊರಟೇಬಿಟ್ಟಿತು! ಜಾವೇದ್ ಎರಡೂ ಕೈಯಲ್ಲಿ ಹಿಡಿದು ಬೋರ್‌ವೆಲ್ ಪಂಪು ಹೊಡೆದ ಹಾಗೆ ಕುಲುಕಿದ. ಅವನ ಹಿಂದೆ ಸಾಲು. ಸಾಲಿನ ಬಾಲ ಅಮೃತೂರಿನಲ್ಲಿತ್ತೋ ಏನೋ! ಸಾಹೇಬರ ಬಾಯಲ್ಲಿ "ಮುಬಾರಕ್" ಅರ್ಧಕ್ಕೇ ನಿಂತು, ಉಳಿದರ್ಧ ಕಣ್ಣಿಂದ ಇಳಿಯುತ್ತಿತ್ತು. "ಎಂಥಾ ಪ್ರೀತಿ ನೋಡ್ರಿ ಇವರಿಗೆ!" ಎಂದು ಕರಗಿದ ಜನ ಇನ್ನೊಮ್ಮೆ ಕುಲುಕಿದರು.

ಮನೆಗೆ ಓಡಿ ಬಂದವರೇ ಪಟ್ಟಿ ಕಟ್ಟಿಸಿಕೊಂಡರು. ಅದನ್ನು ಕಂಡಿದ್ದೇ, ಶೀರ್ ಖುರ್ಮಾ ಕುಡಿಯಲು ಬಂದ ಪಕ್ಕದ ಮನೆ ಚಿಕ್ಕಮಾರಯ್ಯನಿಗೆ ಕನಿಕರ ಉಕ್ಕಿತು.

"ಅಯ್ಯೋ, ಎಲ್ಲಿ ನೋಯ್ತೈತೆ ಬಾಬಣ್ಣ? ಇಲ್ಲೇನಾ? ಇಲ್ಲೇನಾ?" ಎನ್ನುತ್ತ ಹೆಬ್ಬೆರಳು ಒತ್ತಿದ.

"ಅಲ್ಲೇ!" ಎಂಬ ಆರ್ತನಾದ ಹುತ್ರಿದುರ್ಗದ ಬಂಡೆಗೆ ಬಡಿದು ವಾಪಸು ಬಂತು.

ಮರುದಿನ ಊದಿದ ಮೊಣಕೈ ಮತ್ತೆ ತುಮಕೂರು ಸೇರಿತು.

"ಪಟ್ಟಿ ಬಿಚ್ಚಿಲ್ಲ ಡಾಕ್ಟ್ರೇ, ಯಾರಿಗೂ ಕೈ ಕೊಟ್ಟಿಲ್ಲ! ತಾನಾಗೇ ಊದ್ಕೊಂಡಿದೆ!"

ತಾಜುನ್ನೀಸಾ ಗೋಡೆ ನೋಡಿದರು. ಡಾಕ್ಟರು ಊತ ನೋಡಿ ಮುಗುಳ್ನಕ್ಕರು. "ಆಯ್ತು ಸಾಬ್ರೇ, ನಂಬಿದೆ. ಈದ್ ಮುಬಾರಕ್!" ಎಂದು ಕೈ ಚಾಚಿದರು.

ಸಾಹೇಬರು ಪಟ್ಟಿಯಿಂದ ಬಲಗೈ ಸರಕ್ಕನೆಳೆದು ಡಾಕ್ಟರ ಕೈ ಗಟ್ಟಿಯಾಗಿ ಹಿಡಿದೇಬಿಟ್ಟರು!

"ಡಾಕ್ಟ್ರೇ," ಎಂದರು ತಾಜುನ್ನೀಸಾ, "ಮೊಣಕೈ ಬಿಟ್ಹಾಕಿ. ಈ ಮನುಷ್ಯನ ಜಂಬ ಸ್ಕ್ಯಾನಲ್ಲಿ ಎಲ್ಲಿ ಕಾಣುತ್ತೆ ನೋಡಿ, ಸೂಜೀನ ಅಲ್ಲಿಗೆ ಚುಚ್ಚಿ!"