ಬದುಕಿದ್ದ ಮಾವನಿಗೆ ಎಡೆ

ನನಗೆ ಒಳ್ಳೆಯ ಯೋಚನೆಗಳು ಹೊಳೆಯಬಾರದು. ಹೊಳೆದರೂ ಅವನ್ನು ಅಲ್ಲೇ ಬಿಟ್ಟು ಮುಸುಕೆಳೆದು ಮಲಗಿಬಿಡಬೇಕು. ಈ ಮಾತನ್ನು ನನ್ನ ಹೆಂಡತಿ ಓಕ್‌ರಿಮ್ ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದಾಳೆ. ಈಗ ನಾನೂ ಹೇಳತೊಡಗಿದ್ದೇನೆ, ಆದರೆ ಹೊತ್ತು ಮೀರಿದೆ.

ವಿಷಯ ನನ್ನ ಮಾವನವರದು. ಮೊಕ್ಪೊ ಬಂದರಿನಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡಿ ಸುಸ್ತಾಗಿ ಮನೆಯಲ್ಲಿ ಕೂತವರು. ಮಾತು ಕಮ್ಮಿ, ಹಟ ಜಾಸ್ತಿ. ಹಿತ್ತಲಿನ ಗುಡಾಣದಲ್ಲಿ ತಾವೇ ಅಕ್ಕಿ ಬೇಯಿಸಿ ಹಾಕಿ ಮಕ್ಕೊಲ್ಲಿ ಹೆಂಡ ಹುದುಗಿಸುತ್ತಿದ್ದರು. ಹಾಲಿನಂಥ ಬಿಳುಪು, ಹುಳಿಯೋ ಸಿಹಿಯೋ ಹೇಳಲಾಗದ ರುಚಿ. ಓಣಿಯ ಮುದುಕರೆಲ್ಲ ಅದರ ಒಂದು ಬಟ್ಟಲಿಗಾಗಿ ಚದುರಂಗದಲ್ಲಿ ಅವರೆದುರು ಬೇಕೆಂದೇ ಸೋಲುತ್ತಿದ್ದರು.

ಮದುವೆಗೆ ಮುಂಚೆ ಮೊದಲ ಸಲ ಆ ಮನೆಗೆ ಹೋದಾಗ ಮಾವ ಹಿತ್ತಾಳೆ ಕೆಟಲು ಎತ್ತಿ ನನ್ನ ಬಟ್ಟಲಿನತ್ತ ಬಗ್ಗಿಸಿದ್ದರು. ನಾನು ಗಾಬರಿಯಲ್ಲಿ, "ಬೇಡಿ, ನನಗೆ ಒಂದು ಗುಟುಕಿಗೇ ಮುಖ ಕೆಂಪಾಗುತ್ತೆ" ಅಂದುಬಿಟ್ಟೆ. ಅವರು ಕೆಟಲನ್ನು ಕೆಳಗಿಟ್ಟರು. ಆಮೇಲೆ ನನಗಾಗಿ ಅದನ್ನು ಎತ್ತಲೇ ಇಲ್ಲ. ನಮ್ಮಲ್ಲಿ ತನ್ನ ಬಟ್ಟಲಿಗೆ ತಾನೇ ಸುರಿದುಕೊಳ್ಳುವುದು ಮರ್ಯಾದೆಯಲ್ಲ. ಮಾವ ತನ್ನ ಕೈಯಾರೆ ಸುರಿದರೇ ಅಳಿಯ ಅಳಿಯನಾಗುವುದು. ನನಗೆ ಸುರಿಯುತ್ತಿದ್ದವಳು ಹೆಂಡತಿ. ಹೀಗಾಗಿ ವರ್ಷಗಳು ಕಳೆದರೂ ಆ ಮನೆಯಲ್ಲಿ ನಾನು ಬರೀ "ಕನ್ನಡಕದವನು". (ಗ್ವಾಂಗ್‌ಜುವಿನಲ್ಲಿ ನನ್ನದು ಕನ್ನಡಕದ ಅಂಗಡಿ. ಮಾವನವರ ಮೂಗಿನ ಮೇಲಿದ್ದದ್ದೂ ನಾನು ಕೊಟ್ಟದ್ದೇ. ಅದರೊಳಗಿಂದಲೇ ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು.)

ಒಂದೇ ಒಂದು ಸಲ ಅವರು ನನ್ನ ಬಟ್ಟಲಿಗೆ ಸುರಿಯಬೇಕು. ನನಗೆ ಬೇರೇನೂ ಬೇಕಿರಲಿಲ್ಲ.

ಹೋದ ಚಳಿಗಾಲ ಅವರ ಹುಟ್ಟುಹಬ್ಬ ಹತ್ತಿರವಾದಾಗ ನನಗೆ ಆ ದಿವ್ಯ ಯೋಚನೆ ಹೊಳೆಯಿತು. ಅರ್ಧ ಬಟ್ಟಲು ಮಕ್ಕೊಲ್ಲಿ, ಅದರ ಮೇಲೆ ಆಂಡೊಂಗ್ ಊರಿನ ಖಡಕ್ ಬಟ್ಟಿ ಸಾರಾಯಿ, ಸೊಜು. ಸುಮ್ಮನೆ ಬಗ್ಗಿಸಬಾರದು, ಊಟದ ಕಡ್ಡಿಯ ಮೇಲಿಂದ ಹನಿಹನಿಯಾಗಿ ಇಳಿಸಬೇಕು. ಆಗ ಕೆಳಗೆ ಬಿಳಿ, ಮೇಲೆ ತಿಳಿ. ಮೊದಲ ಗುಟುಕಿಗೆ ಬೆಂಕಿ, ಎರಡನೆಯದಕ್ಕೆ ತಂಪು. ಅಡುಗೆಮನೆಯಲ್ಲಿ ಈ ಮಹಾಪ್ರಯೋಗ ನಡೆಸಿ ನಡೆಸಿ ನನ್ನ ಮುಖ ಒಂದು ವಾರ ಕೆಂಪಗೇ ಇತ್ತು.

"ಅಪ್ಪನ ಮಕ್ಕೊಲ್ಲಿಗೆ ಕಲಬೆರಕೆ ಮಾಡ್ತೀರಾ?" ಅಂದಳು ಓಕ್‌ರಿಮ್.

"ಕಲಬೆರಕೆ ಅಲ್ಲ ಕಣೇ, ಸಂಗಮ! ನನ್ನ ಸ್ವಂತ ಆವಿಷ್ಕಾರ!"

"ನಮ್ಮಜ್ಜನ ಕಾಲದಿಂದ ಕುಡೀತಾರೆ ರೀ ಅದನ್ನ. ಸುಮ್ನೆ ಒಂದು ಸ್ವೆಟರ್ ತಗೊಂಡು ಹೋಗೋಣ."

ಸ್ವೆಟರ್ ತೆಗೆದುಕೊಂಡು ಹೋಗಬಹುದಿತ್ತು. ಉಣ್ಣೆಯ ಸ್ವೆಟರಿನಿಂದ ಯಾರ ಸಂಸಾರವೂ ಕೆಟ್ಟದ್ದಿಲ್ಲ.

ಹುಟ್ಟುಹಬ್ಬದ ಮಧ್ಯಾಹ್ನ ಮೊಕ್ಪೊ ಮನೆಯಲ್ಲಿ ಬೇಯಿಸಿದ ಹಂದಿಮಾಂಸ, ಹಳೆಯ ಕಿಮ್ಚಿ ಉಪ್ಪಿನಕಾಯಿ, ಮೂಗಿಗೆ ಗುದ್ದುವ ಹುದುಗಿಸಿದ ಮೀನು ಎಲ್ಲ ಸಿದ್ಧವಾಗಿತ್ತು. ಮಾವ ಅಪರೂಪಕ್ಕೆ ನಗುತ್ತಿದ್ದರು. ನಾನು ಎರಡೂ ಕೈಯಲ್ಲಿ ಕೆಟಲು ಹಿಡಿದು ಅವರ ಬಟ್ಟಲಿಗೆ ಮಕ್ಕೊಲ್ಲಿ ಹಾಕಿದೆ. ಸೊಜು ಬಾಟಲಿ ಎತ್ತಿಕೊಳ್ಳುವಷ್ಟರಲ್ಲಿ ಅವರು ಒಂದು ಗುಟುಕು ಇಳಿಸಿ ಬಟ್ಟಲನ್ನು ಕೆಳಗಿಟ್ಟಾಗಿತ್ತು. ಪರವಾಗಿಲ್ಲ, ಇನ್ನೂ ಅರ್ಧ ಇತ್ತು. ನಾನು ಬಗ್ಗಿ, ಕನ್ನಡಕದ ಸ್ಕ್ರೂ ಕೂರಿಸುವಷ್ಟು ಶ್ರದ್ಧೆಯಿಂದ ಕಡ್ಡಿಯ ಮೇಲೆ ಸೊಜು ಇಳಿಸಿದೆ. ಒಂದು ಹನಿಯೂ ಕದಡಲಿಲ್ಲ!

ಶಹಭಾಸ್ ಎನ್ನಿಸಿಕೊಳ್ಳಲು ತಲೆ ಎತ್ತಿದೆ. ಓಕ್‌ರಿಮ್‌ಳ ಬಾಯಿ ತೆರೆದಿತ್ತು, ಒಳಗೆ ಕಿಮ್ಚಿ ಹಾಗೇ ನಿಂತಿತ್ತು. ಮಾವನ ಕೈಯಲ್ಲಿ ಕೆಟಲು ಗಾಳಿಯಲ್ಲಿ ನಿಂತಿತ್ತು.

"ಏನಯ್ಯಾ ಮಾಡ್ದೆ?"

"ಸಂಗಮ, ಮಾವ."

"ಖಾಲಿಯಾಗದ ಬಟ್ಟಲಿಗೆ ಮೇಲಿಂದ ಸುರಿದೆ."

ಆಗ ಸೊಜು ಬಾಟಲಿಯನ್ನು ಬೆನ್ನ ಹಿಂದಕ್ಕೆ ಸರಿಸಿದೆ. ಬದುಕಿರುವವರ ಬಟ್ಟಲು ಖಾಲಿಯಾಗುವ ತನಕ ಯಾರೂ ಸುರಿಯುವುದಿಲ್ಲ. ಇದ್ದದ್ದರ ಮೇಲೆ ಸುರಿಯುವುದು ಸತ್ತ ಹಿರಿಯರಿಗೆ ಮಾತ್ರ, ಎಡೆ ಇಡುವಾಗ.

ಮಾವ ಕೆಟಲನ್ನು ಕೆಳಗಿಟ್ಟರು. "ಓಕ್‌ರಿಮ್, ನಾನು ಹೋಗ್ಬಿಟ್ಟೆನಂತೆ ಕಣಮ್ಮ. ನಿನ್ನ ಗಂಡ ಹೇಳ್ತಿದ್ದಾನೆ."

"ಅಯ್ಯೋ, ಮಾವ, ಹಾಗಲ್ಲ..."

"ಶುರು ಮಾಡಿದ ಮೇಲೆ ಅರ್ಧಕ್ಕೆ ಬಿಡಬಾರ್ದು. ಅನ್ನದಲ್ಲಿ ಚಮಚ ನೆಡು. ಬಾಗಿಲು ತೆಗಿ, ಇಲ್ದಿದ್ರೆ ನಾನು ಹೇಗೆ ಒಳಗೆ ಬರ್ಲಿ?"

"ನೀವು ಒಳಗೇ ಇದ್ದೀರಲ್ಲ!"

"ಸತ್ತವನ ಹತ್ರ ವಾದ ಮಾಡ್ತೀಯಾ?"

ಬಾಗಿಲು ತೆಗೆದೆ. ಸಮುದ್ರದ ಗಾಳಿ ನುಗ್ಗಿ ನನ್ನ ಕಿವಿ ಕತ್ತರಿಸಿತು. ಅಡ್ಡಬಿದ್ದು ಎದ್ದೆ.

"ಒಂದು ನಮಸ್ಕಾರ ಬದುಕಿರೋರಿಗೆ. ಸತ್ತೋರಿಗೆ ಎರಡು. ಇದೂ ಗೊತ್ತಿಲ್ವಾ?"

ಇನ್ನೊಂದು ಬಿದ್ದೆ.

"ಈಗ ಹೊರಗೆ ನಡೀರಿ ಇಬ್ರೂ. ಹಿರಿಯರು ಉಣ್ಣೋವಾಗ ಮನೆಯವರು ಎದುರಿಗಿರಬಾರ್ದು."

ಗಂಡ ಹೆಂಡತಿ ಜಗುಲಿಯಲ್ಲಿ ಕೋಟಿಲ್ಲದೆ ನಿಂತೆವು. ಮುಚ್ಚಿದ ಬಾಗಿಲಿನ ಆಚೆಯಿಂದ ದಿವಂಗತರು ಚಪ್ಪರಿಸುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಓಕ್‌ರಿಮ್‌ಳ ಭುಜ ಅದುರುತ್ತಿತ್ತು.

"ನಗ್ತಿದ್ದೀಯಾ?"

"ಅಳ್ತಿದ್ದೀನಿ, ನಿಮ್ಮನ್ನ ಕಟ್ಕೊಂಡಿದ್ದಕ್ಕೆ."

ಒಳಗೆ ಹೋಗುವ ಮುಂಚೆ ಪದ್ಧತಿಯಂತೆ ಕೆಮ್ಮಬೇಕು. ಚಳಿಗೆ ಅದು ತಾನಾಗಿಯೇ ಬರುತ್ತಿತ್ತು. ಹೋಗಿ ನೋಡಿದರೆ ಮಾಂಸದ ತಟ್ಟೆ ಖಾಲಿ, ನನ್ನ ಸಂಗಮದ ಬಟ್ಟಲೂ ಖಾಲಿ. ಮಾವನ ಮುಖ ಕೆಂಪು ಕೆಂಪು.

"ಹೇಗಿತ್ತು, ಮಾವ?"

ಅವರು ಮಗಳ ಕಡೆ ತಿರುಗಿದರು. "ಸತ್ತೋರು ಮಾತಾಡಲ್ಲ ಅಂತ ಹೇಳು ಅವನಿಗೆ."

ವಾಪಸು ಬರುವಾಗ ಬಸ್ಸಿನಲ್ಲಿ ಓಕ್‌ರಿಮ್ ಕೇಳಿದಳು. "ಅಪ್ಪ ಕೆಟಲು ಯಾಕೆ ಎತ್ತಿದ್ರು ಅಂತ ಗೊತ್ತಾ?"

"ನನ್ನ ತಲೆ ಮೇಲೆ ಹಾಕೋಕೆ."

"ನಿಮ್ಮ ಬಟ್ಟಲಿಗೆ ಸುರಿಯೋಕೆ ರೀ. ಆಗಲೇ ಬಗ್ಗಿಸಿದ್ರು. ನೀವು ತಲೆ ಎತ್ತಿ ನೋಡಿದ್ರೆ ತಾನೆ?"

ನಾನು ಬಸ್ಸು ನಿಲ್ಲಿಸಲು ಎದ್ದೆ. ಅವಳು ಅಂಗಿ ಹಿಡಿದು ಕೂರಿಸಿದಳು. "ಹೋಗಿ ಏನಂತೀರಿ? ಎದ್ದು ಬನ್ನಿ ಅಂತೀರಾ?" ಮನೆಗೆ ಬಂದು ಫೋನು ಮಾಡಿಸಿದೆ. ಮಾವ ಮಗಳ ಹತ್ತಿರ ಹೇಳಿದರಂತೆ: "ಮಳೆಗಾಲ ಮುಗಿದ ಮೇಲೆ ಸುಗ್ಗಿ ಹಬ್ಬಕ್ಕೆ ಬರ್ಲಿ. ಅಷ್ಟೊತ್ತಿಗೆ ಬದುಕಿರ್ತೀನಿ. ಆಗ ಸುರೀತೀನಿ."

ಸುಗ್ಗಿ ಹಬ್ಬಕ್ಕೆ ಅವರು ಇರಲಿಲ್ಲ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಚದುರಂಗದ ಮಣೆಯ ಮುಂದೆ ಕೂತಲ್ಲೇ ಹೋಗಿಬಿಟ್ಟರು. ಗೆಲ್ಲುತ್ತಿದ್ದರಂತೆ. ಆವತ್ತಿನಿಂದ ನನಗೆ ಆ ಊಟದ ಕಡ್ಡಿಯನ್ನು ಕಂಡರಾಗುವುದಿಲ್ಲ. ಅದನ್ನೇ ದಿಟ್ಟಿಸಿಕೊಂಡು ಕೂತಿದ್ದೆನಲ್ಲ ಮೂರ್ಖ! ಒಂದು ಸಲ, ಒಂದೇ ಒಂದು ಸಲ ತಲೆ ಎತ್ತಬಾರದಿತ್ತೇ?

ಓಕ್‌ರಿಮ್ ಒಬ್ಬಳೇ ಮಗಳು. ಹಬ್ಬದ ಎಡೆಯನ್ನು ನಮ್ಮ ಮನೆಯಲ್ಲೇ ಇಟ್ಟೆವು. ಅಪ್ಪನ ಗುಡಾಣ ತಂದು ಅವಳೇ ಮಕ್ಕೊಲ್ಲಿ ಹುದುಗಿಸಿದ್ದಳು. ಚಮಚ ನೆಟ್ಟೆ, ಬಾಗಿಲು ತೆಗೆದೆ, ಎರಡು ನಮಸ್ಕಾರ ಹಾಕಿದೆ. ಆಮೇಲೆ ಅರ್ಧ ತುಂಬಿದ ಬಟ್ಟಲಿನ ಮೇಲೆ ಸುರಿಯಬೇಕು. ಈ ಸಲ ಅದೇ ಸರಿಯಾದ ಕ್ರಮ. ಎತ್ತಿದ ಕೆಟಲನ್ನು ಹಾಗೇ ಹಿಡಿದು ನಿಂತೆ.

"ನಿಂತುಬಿಟ್ರ್ಯಾಕೆ? ಅಭ್ಯಾಸ ಆಗಿದೆಯಲ್ಲ," ಅಂದಳು ಓಕ್‌ರಿಮ್. ಸುರಿದೆ.

ಹೊರಗೆ ನಿಂತೆವು. ಒಳಗಿನಿಂದ ಚಪ್ಪರಿಸುವ ಸದ್ದು ಬರಲಿಲ್ಲ. ನಾನು ಕೆಮ್ಮದೆ ಬಹಳ ಹೊತ್ತು ಕಾದೆ. ಕೊನೆಗೆ ಅವಳೇ ಕೆಮ್ಮಿ ಬಾಗಿಲು ತೆಗೆದಳು. ಬಟ್ಟಲು ತುಂಬಿದ್ದು ತುಂಬಿದಂತೆಯೇ ಇತ್ತು.

ಅವಳು ಅದನ್ನೆತ್ತಿ ನನ್ನ ಕೈಗಿಟ್ಟಳು. "ತಗೊಳ್ಳಿ. ಎಡೆಯ ಬಟ್ಟಲು ಅಂದ್ರೆ ಹಿರಿಯರು ಕೊಟ್ಟಿದ್ದೇ. ಅಪ್ಪನ ಕೈಯಿಂದ ಅಂದ್ಕೊಳ್ಳಿ."

ಎರಡೂ ಕೈಯಲ್ಲಿ ತೆಗೆದುಕೊಂಡೆ. ಹಿರಿಯರ ಮುಂದೆ ಕುಡಿಯುವ ಮರ್ಯಾದೆಯಂತೆ, ಮಾವ ಎದುರಿಗಿದ್ದರೆ ಹೇಗೋ ಹಾಗೆ ಮುಖ ಪಕ್ಕಕ್ಕೆ ತಿರುಗಿಸಿ ಕುಡಿದೆ. ಅರ್ಧ ಆಗುವಷ್ಟರಲ್ಲಿ ಕನ್ನಡಕ ಮಂಜಾಯಿತು. ಬಟ್ಟಲು ಕೆಳಗಿಟ್ಟು ಕನ್ನಡಕ ತೆಗೆದು ಒರೆಸಿಕೊಂಡೆ. ಮತ್ತೆ ಹಾಕಿಕೊಂಡು ನೋಡುತ್ತೇನೆ, ಓಕ್‌ರಿಮ್ ಬಗ್ಗಿ, ಕಡ್ಡಿಯ ಮೇಲಿಂದ ನನ್ನ ಅರ್ಧ ಬಟ್ಟಲಿಗೆ ಸೊಜು ಇಳಿಸುತ್ತಿದ್ದಾಳೆ.

"ಏ, ಏ! ಏನೇ ಇದು? ನಾನಿನ್ನೂ ಬದುಕಿದ್ದೀನಿ ಕಣೇ!"

"ಅಪ್ಪಾನೂ ಬದುಕಿದ್ರು," ಅಂದಳು. "ಸುಮ್ನೆ ಕುಡೀರಿ. ಸತ್ತೋರು ಮಾತಾಡಲ್ಲ."

ಕುಡಿದೆ. ಮೊದಲ ಗುಟುಕಿಗೆ ಬೆಂಕಿ. ಎರಡನೆಯದಕ್ಕೆ ತಂಪು ಬರಬೇಕಿತ್ತು, ಬರಲಿಲ್ಲ.