ವಾರ್ತೆಗೆ ಅಡ್ಡ ಬಂದ ಬೆಕ್ಕು

"ಬೆಕ್ಕೇನು, ಹುಲಿಯೇ ಬಂದು ಮನೇಲಿ ಕೂತರೂ ನನ್ನ ಕಂಠ ಅಲುಗಲ್ಲ! ತಿಳ್ಕೋ!"

ಹೀಗೆಂದು ಘೋಷಿಸಿದವರು ರೇಡಿಯೋದಲ್ಲಿ ಬೆಳಗಿನ ಏಳು ಗಂಟೆಯ ವಾರ್ತೆ ಓದುವ ವಾಚಕರು. ಘೋಷಣೆಯ ಸ್ಥಳ, ಅವರ ಅಡುಗೆಮನೆಯ ಬಾಗಿಲು. ಸಭಿಕರು, ಅವರ ಹೆಂಡತಿ ಒಬ್ಬರೇ. ಹೆಂಡತಿಯ ಅಕ್ಕ ದೂರದ ಊರಿಗೆ ಮನೆ ಬದಲಿಸುವಾಗ "ಇನ್ನು ಮೇಲೆ ನೀನೇ ನೋಡ್ಕೋ" ಎಂದು ಒಪ್ಪಿಸಿಹೋದ ಬೆಕ್ಕು ಆಗ ತಾನೇ ಬುಟ್ಟಿಯಿಂದಿಳಿದು ವಾಚಕರ ಕಪ್ಪು ಪ್ಯಾಂಟಿಗೆ ಮೈಯುಜ್ಜುತ್ತಿತ್ತು. ಕೆಂಚು ಬಣ್ಣ, ಗೇಣುದ್ದದ ಕೂದಲು, ಪೊರಕೆಯಂಥ ಬಾಲ.

ವಾಚಕರು ಕೊಚ್ಚಿಕೊಂಡದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಅವರು ವಾರ್ತೆ ಓದುತ್ತಿದ್ದರು. ಒಂದು ಸೀನಿಲ್ಲ, ಕೆಮ್ಮಿಲ್ಲ, ಬಿಕ್ಕಳಿಕೆಯಿಲ್ಲ. ಪ್ರವಾಹ ಬರಲಿ, ಸರಕಾರ ಬೀಳಲಿ, ಅದೇ ಗಾಂಭೀರ್ಯ. ಆಕಾಶವೇ ಕಳಚಿಬಿದ್ದಿದ್ದರೂ "ಆಕಾಶ ಇಂದು ಬೆಳಿಗ್ಗೆ ಕಳಚಿಬಿದ್ದಿದೆ" ಎಂದು ಓದಿ, ಮುಂದಿನ ಸುದ್ದಿಗೆ ಹೋಗುತ್ತಿದ್ದರು. ಸಹೋದ್ಯೋಗಿಗಳು ಅವರನ್ನು 'ಕಂಚಿನ ಕಂಠ' ಎಂದೇ ಕರೆಯುತ್ತಿದ್ದರು.

ಆ ಕಂಚಿಗೆ ಮೂರನೆಯ ದಿನವೇ ಕಿಲುಬು ಹಿಡಿಯಿತು.

ಮೊದಲು ಮೂಗು ತುರಿಸಿತು. ಆಮೇಲೆ ಕಣ್ಣು ಕೆಂಪಾಯಿತು. ಆಮೇಲೆ ಸೀನು! ಒಂದಲ್ಲ, ಎರಡಲ್ಲ, ಒಂದೇ ಉಸಿರಿಗೆ ಹದಿನಾಲ್ಕು! ಕೂದಲಂತೂ ಎಲ್ಲಿಲ್ಲ ಹೇಳಿ? ಸೋಪಿಗೆ ಮೀಸೆ ಬಂದಿತ್ತು. ಹಲ್ಲುಜ್ಜುವ ಬ್ರಷ್ಷಿನಲ್ಲಿ ಕಂಪನಿಯವರು ಇಟ್ಟ ಎಳೆಗಳೆಷ್ಟು, ಬೆಕ್ಕು ಸೇರಿಸಿದ್ದೆಷ್ಟು ಎಂದು ಬೇರ್ಪಡಿಸಲು ಬರುತ್ತಿರಲಿಲ್ಲ. ಹೆಂಡತಿ ದಿನಕ್ಕೆರಡು ಸಲ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಾಚುತ್ತಿದ್ದರು. ಬಾಚಿ ತೆಗೆದ ಕೂದಲಿನಲ್ಲಿ ಇನ್ನೊಂದು ಬೆಕ್ಕು ಮಾಡಬಹುದಿತ್ತು. ಆದರೂ ಮೊದಲಿನ ಬೆಕ್ಕು ಒಂದು ಎಳೆಯಷ್ಟೂ ಸೊರಗುತ್ತಿರಲಿಲ್ಲ.

"ಇದು ಬೆಕ್ಕೋ, ಹರಿದ ಹಾಸಿಗೆಯ ಹತ್ತಿಯೋ?" ವಾಚಕರು ಕೂಗಾಡಿದರು.

"ಪಾಪ, ಹೊಸ ಜಾಗ. ಅದಕ್ಕೆ ಗಾಬರಿಯಾಗಿ ಉದುರ್ತಿದೆ. ನಿಮ್ಮ ತಲೇದು ಯಾವ ಗಾಬರಿಗೆ ಉದುರಿತು, ಯಾರಾದ್ರೂ ಕೇಳಿದ್ರಾ?"

ವಾಚಕರು ಯುದ್ಧ ಸಾರಿದರು. ಮನೆಯೊಳಗೆ ರೇನ್‌ಕೋಟು ತೊಟ್ಟು ಓಡಾಡಿದರು. ಎರಡೂ ಅಂಗೈಗೆ ಅಂಟುಪಟ್ಟಿ ಸುತ್ತಿಕೊಂಡು ಸೋಫಾ ತಟ್ಟಿದರು, ಫೋನ್ ಬಂದಾಗ ರಿಸೀವರ್ ಕೈಗೇ ಅಂಟಿಕೊಂಡಿತು. ಪಕ್ಕದ ಮನೆಯವರ ವ್ಯಾಕ್ಯೂಮ್ ಕ್ಲೀನರ್ ತಂದು ಶುರುಮಾಡಿದರು. ಆ ಸದ್ದಿಗೆ ಬೆಕ್ಕು ಪರದೆ ಹತ್ತಿ, ಪರದೆಯಿಂದ ಬೀರುವಿಗೆ ಹಾರಿ, ಒಂದು ವಾರದ ಕೂದಲನ್ನು ಒಂದೇ ನಿಮಿಷದಲ್ಲಿ ಉದುರಿಸಿತು. ಡಾಕ್ಟರು ಮಾತ್ರೆ ಕೊಟ್ಟು, "ತಗೊಂಡ್ರೆ ನಿದ್ದೆ, ಬಿಟ್ರೆ ಸೀನು. ಯಾವುದು ಬೇಕೋ ನೀವೇ ನಿರ್ಧಾರ ಮಾಡಿ" ಎಂದರು. ವಾಚಕರು ತೆಗೆದುಕೊಂಡರು. ಮರುದಿನ ತೂಕಡಿಸುತ್ತಾ ಹವಾಮಾನ ವರದಿಯನ್ನು ಎರಡು ಸಲ ಓದಿದರು. ಮೊದಲ ಸಲ ಮಳೆ, ಎರಡನೆಯ ಸಲ ಬಿಸಿಲು!

ಮಾತ್ರೆ ಬಿಟ್ಟರು. ಗುರುವಾರ ಸೀನು ಹೇಗೋ ತಡೆದರು, ಆದರೆ ಮೂಗು ಗೋಡೆ ಕಟ್ಟಿದಂತೆ ಕಟ್ಟಿತ್ತು.

"ದಬಸ್ಕಾರ. ವಾರ್ತೆಗಳು. ಬಂತ್ರಿಬಂಡಲದ ಸಭೆ ದಾಳೆ ದಡೆಯಲಿದೆ."

ವಾರ್ತೆ ಮುಗಿದದ್ದೇ ನಿಲಯದ ಮುಖ್ಯಸ್ಥೆ ಕರೆಸಿದರು. ಕಡಿಮೆ ಮಾತಿನ, ಕಡಿದು ಮಾತಾಡುವ ಹೆಂಗಸು.

"ದಾಳಿ ನಡೆಯುತ್ತಾ ಅಂತ ಮೂರು ಜನ ಫೋನ್ ಮಾಡಿ ಕೇಳಿದ್ರು. ಏನು ಇದೆಲ್ಲ?"

"ಮೇಡಂ, ಅದು ಬೆಕ್ಕು..."

"ನನಗೆ ಬೆಕ್ಕೂ ಬೇಡ, ನಾಯೀನೂ ಬೇಡ. ಇನ್ನೊಂದೇ ಒಂದು ತಪ್ಪಾದರೆ ಏಳು ಗಂಟೆಯ ವಾರ್ತೆ ಬೇರೆಯವರಿಗೆ. ನೀವು ಕೆಳಗಡೆ ಹಳೇ ಟೇಪುಗಳ ಧೂಳು ಒರೆಸಿಕೊಂಡಿರಿ."

ಧೂಳು! ಈ ಮೂಗಿಗೆ!

ವಾಚಕರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ತೀರ್ಪು ಕೊಟ್ಟರು. "ಭಾನುವಾರದೊಳಗೆ ಆ ಪ್ರಾಣಿ ಈ ಮನೆಯಿಂದ ಹೊರಗೆ! ಹತ್ತೊಂಬತ್ತು ವರ್ಷದ ಹೆಸರು ಅದರ ಬಾಲಕ್ಕೆ ಕಟ್ಟೋಕಾಗಲ್ಲ!"

ಹೆಂಡತಿ ಜಗಳಕ್ಕೆ ಬರಲಿಲ್ಲ. ಅದರಿಂದಲೇ ವಾಚಕರಿಗೆ ಕಸಿವಿಸಿಯಾಯಿತು. ಆಕೆ ಬೆಕ್ಕಿನ ಬೆನ್ನು ಸವರುತ್ತಾ ಮೆಲ್ಲಗೆ ಹೇಳಿದರು, "ಕಳಿಸ್ತೀನಿ ಬಿಡಿ. ನೀವು ಊರಿಗೆಲ್ಲ ಮಾತಾಡಿ ಬಂದು ಮನೇಲಿ ಗಂಟಲಿಗೆ ವಿಶ್ರಾಂತಿ ಕೊಡ್ತೀರಿ. ನಿಮ್ಮ ದನಿ ಕೇಳ್ಬೇಕಂದ್ರೆ ನಾನೂ ರೇಡಿಯೋನೇ ಹಾಕ್ಬೇಕು. ಇದಾದರೂ ಕೂಗಿದರೆ ಮಿಯಾಂವ್ ಅಂತಿತ್ತು."

ವಾಚಕರು ಚಪ್ಪಲಿ ಬಿಟ್ಟು ಒಳಗೆ ಹೋದರು. ಗಂಟಲಿಗೆ ವಿಶ್ರಾಂತಿ ಕೊಟ್ಟರು.

ಶನಿವಾರ ಬೆಳಿಗ್ಗೆ ಅವರು ಹೊರಟ ಬಗೆ ನೋಡಬೇಕಿತ್ತು. ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಯ್ದು ರೇಡಿಯೋ ನಿಲಯದಲ್ಲೇ ಬದಲಿಸಿದರು. ಬೂಟು ಒರೆಸಿದರು, ಕನ್ನಡಕ ತೊಳೆದರು. ಎಲ್ಲ ಸರಿ. ಆದರೆ ಚಳಿಗೆ ಕಂಠ ಕೆಡಬಾರದೆಂದು ಹೊರಡುವಾಗ ಒಂದು ಉಣ್ಣೆಯ ಮಫ್ಲರನ್ನು ಕುತ್ತಿಗೆಗೆ ಮೂರು ಸುತ್ತು ಸುತ್ತಿಕೊಂಡಿದ್ದರು. ಆ ಮಫ್ಲರಿನ ಮೇಲೆ ಬೆಕ್ಕು ನಾಲ್ಕು ದಿನದಿಂದ ಸಂಸಾರ ಹೂಡಿತ್ತು!

ಮುಖ್ಯಾಂಶಗಳು ಮುಗಿದವು. ಮಂತ್ರಿಯೊಬ್ಬರ ಧ್ವನಿಮುದ್ರಿತ ಭಾಷಣ ಶುರುವಾಯಿತು. ಒಂದೂವರೆ ನಿಮಿಷವಾದರೂ ಮೈಕ್ ಬಂದ್ ಎಂಬುದು ಲೆಕ್ಕ. ವಾಚಕರು ತಡೆದಿಟ್ಟದ್ದನ್ನೆಲ್ಲ ಮಫ್ಲರಿಗೇ ಸೀನಿದರು, ಮಫ್ಲರು ಇನ್ನಷ್ಟು ಸೀನಿಸಿತು. ಕಣ್ಣಿಂದ ಧಾರಾಕಾರ ನೀರು. ಆದರೆ ಮಂತ್ರಿಗಳು ಜೀವನದಲ್ಲಿ ಮೊದಲ ಬಾರಿಗೆ ಚುಟುಕಾಗಿ ಮಾತಾಡಿದ್ದರು. ಇಪ್ಪತ್ತೇ ಸೆಕೆಂಡಿಗೆ ಭಾಷಣ ಮುಗಿದು, ಮೈಕ್ ತೆರೆದು, ಕೆಂಪು ದೀಪ ಹತ್ತಿತು. ನೀರು ತುಂಬಿದ ಕಣ್ಣಿಗೆ ಆ ದೀಪ ಕಾಣಲಿಲ್ಲ. ಗಾಜಿನಾಚೆ ಎಂಜಿನಿಯರು ಎರಡೂ ಕೈ ಬೀಸುತ್ತಿದ್ದುದು ಮಸುಕಾಗಿ ಕಂಡಿತು. ಪಾಪ, ನನ್ನ ಕಷ್ಟಕ್ಕೆ ಮರುಗುತ್ತಿದ್ದಾನೆ ಎಂದುಕೊಂಡು ವಾಚಕರು ಮನಸ್ಸು ಬಿಚ್ಚಿದರು.

"ಈ ಬೆಕ್ಕಿಗೆ ಉದುರೋದಕ್ಕೂ ಒಂದು ಮಿತಿ ಬೇಡ್ವೇನ್ರೀ! ಸೋಪಲ್ಲಿ ಕೂದಲು, ಸಾಕ್ಸಲ್ಲಿ ಕೂದಲು! ನನ್ನ ತಲೇಲಿರೋದಕ್ಕಿಂತ ಹೆಚ್ಚು ಕೂದಲು ನನ್ನ ಕಾಫೀಲಿದೆ! ಹಾಸಿಗೆ ಮಧ್ಯ ಅದಕ್ಕೆ, ಅಂಚು ನನಗೆ! ನಾನು ಮಲಗಿದೀನೋ ಜೋತುಬಿದ್ದಿದೀನೋ ಅಂತ ನನಗೇ ಗೊತ್ತಾಗಲ್ಲ! ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು, ನನ್ನ ಹೆಂಡತಿ ಒಂದು ದಿನ ನನ್ನ ತಲೆ ಬಾಚಿಲ್ಲ. ಅದಕ್ಕೆ ದಿನಾ ಎರಡು ಸಲ! ನಾನು ಮನೆಗೆ ಹೋದರೆ 'ಕಾಲು ಒರೆಸ್ಕೊಳ್ಳಿ'. ಅದು ಕೆಸರು ಕಾಲಲ್ಲಿ ಬಂದ್ರೆ 'ಬಂದ್ಯಾ ಬಂಗಾರ'! ನನ್ನನ್ನ ಯಾರಾದ್ರೂ ಬಂಗಾರ ಅಂದಿದಾರೇನ್ರೀ? ಕಂಚು ಅಂತಾರೆ, ಕಂಚು! ಆ... ಆ... ಆಕ್ಷೀ!"

ಕಣ್ಣೊರೆಸಿಕೊಂಡು ನೋಡುತ್ತಾರೆ, ಎಂಜಿನಿಯರು ಕಾಣುತ್ತಿಲ್ಲ. ನಗು ತಡೆಯಲಾರದೆ ಕುರ್ಚಿಯಿಂದ ಕೆಳಗೆ ಜಾರಿದ್ದ. ಕೆಂಪು ದೀಪ ಮಾತ್ರ ಬೆಳಗುತ್ತಿತ್ತು.

"ಈಗ... ಹವಾಮಾನ ವರದಿ" ಎಂದರು ವಾಚಕರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವರ ಕಂಠ ನಡುಗಿತು.

ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡೇ ಮುಖ್ಯಸ್ಥೆಯ ಕೋಣೆಗೆ ಹೋದರು. ಮೇಜಿನ ಮೇಲೆ ಮೂರು ಫೋನುಗಳೂ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು.

"ವಾರ್ತೆ ಮುಗಿದಾಗಿಂದ ಇನ್ನೂರು ಕರೆ" ಎಂದರು ಮುಖ್ಯಸ್ಥೆ. "ಬೆಕ್ಕಿಗೆ ಎಷ್ಟು ವಯಸ್ಸು, ಊಟ ಮಾಡಿತಾ, ಮೀನಿನೆಣ್ಣೆ ಕೊಟ್ಟು ನೋಡಿದ್ರಾ ಅಂತ. ಇಷ್ಟು ಜನ ನಮ್ಮ ವಾರ್ತೆ ಕೇಳ್ತಾರೆ ಅಂತ ನನಗೇ ಗೊತ್ತಿರಲಿಲ್ಲ. ಸೋಮವಾರದಿಂದ ಹವಾಮಾನ ಆದ್ಮೇಲೆ ಒಂದು ನಿಮಿಷ ಬೆಕ್ಕಿನ ಸುದ್ದಿ. ನೀವೇ ಓದ್ಬೇಕು. ಬೈಕೊಂಡೇ ಓದ್ಬೇಕು."

"ಆದರೆ ಮೇಡಂ, ಬೆಕ್ಕನ್ನ ನಾಳೆ ಕಳಿಸಿಬಿಡ್ತಿದೀವಿ!"

"ಹಾಗಾದ್ರೆ ಅದರ ಜೊತೆ ನೀವೂ ಹೊರಡಿ."

ವಾಚಕರು ಬಿದ್ದೆನೋ ಎದ್ದೆನೋ ಎಂದು ಮನೆಗೆ ಓಡಿದರು. ಗೇಟಿನ ಮುಂದೆ ಟ್ಯಾಕ್ಸಿ! ಹೊಸ್ತಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಬೆಕ್ಕು, ಪಕ್ಕದಲ್ಲಿ ಸೀರೆಯ ಸೆರಗು ಬಿಗಿದು ನಿಂತ ಹೆಂಡತಿ.

"ನಿಲ್ಲು, ನಿಲ್ಲು! ಎಲ್ಲಿಗೆ? ಭಾನುವಾರ ಅಂದಿದ್ದೆ ಕಣೇ!"

"ಭಾನುವಾರದ ತನಕ ಯಾಕೆ? ಊರೆಲ್ಲ ಕೇಳೋ ಹಾಗೆ ಬೈಸಿಕೊಂಡ ಮೇಲೆ ಅದಕ್ಕೂ ಮಾನ ಮರ್ಯಾದೆ ಇಲ್ವಾ?"

"ಅದು ಇಲ್ಲೇ ಇರಲಿ. ಬೇಕು ಅಂತಿದೀನಲ್ಲ!"

"ಮೊದಲು ಅದರ ಹತ್ರ ಕ್ಷಮೆ ಕೇಳಿ."

ಟ್ಯಾಕ್ಸಿ ಡ್ರೈವರ್ ಎಂಜಿನ್ ಆರಿಸಿ, ಕಿಟಕಿಯ ಗಾಜು ಇಳಿಸಿದ. ವಾಚಕರು ಹೊಸ್ತಿಲ ಮೇಲೆ ಮೊಣಕಾಲೂರಿದರು. "ತಪ್ಪಾಯ್ತು..." ಎಂದು ಬುಟ್ಟಿಯತ್ತ ನೋಡಿದರು. ಹೆಂಡತಿ ಹುಬ್ಬೇರಿಸಿದರು.

"...ತಪ್ಪಾಯ್ತು, ಬಂಗಾರ. ಆಕ್ಷೀ!"

"ಇನ್ನೊಂದು. ದಿನಾ ಸಂಜೆ ಒಂದು ಗಂಟೆ ನನ್ನ ಹತ್ರ ಮಾತಾಡಬೇಕು. ವಾರ್ತೆ ಓದೋ ದನೀಲಲ್ಲ."

ಒಪ್ಪಿದರು. ಒಪ್ಪದೆ ಇನ್ನೇನು ಮಾಡಿಯಾರು?

ಈಗ ಅವರು ಮಾತ್ರೆಯನ್ನು ವಾರ್ತೆ ಮುಗಿದ ಮೇಲೆ ನುಂಗುತ್ತಾರೆ. ಬೆಕ್ಕಿನ ಸುದ್ದಿಗೆ ಸೀನು ಬೇಕೆಂದು ಕೇಳುಗರು ಪಟ್ಟುಹಿಡಿದಿದ್ದಾರೆ. ನಿಲಯಕ್ಕೆ ವಾರಕ್ಕೊಂದು ಚೀಲ ಕಾಗದ ಬರುತ್ತದೆ. ಎಲ್ಲದರ ಮೇಲೂ ಬೆಕ್ಕಿನ ವಿಳಾಸ. ಮೊನ್ನೆ ಅಂಥ ಒಂದು ಚೀಲವನ್ನು ಬೆನ್ನ ಮೇಲೆ ಹೊತ್ತು ಏದುಸಿರು ಬಿಡುತ್ತಾ ಮನೆಗೆ ಬಂದರು. ಕೂರೋಣವೆಂದರೆ ಅವರ ಆರಾಮಕುರ್ಚಿಯಲ್ಲಿ ಬೆಕ್ಕು ಕಾಲು ಚಾಚಿ ಮಲಗಿತ್ತು. ಎಬ್ಬಿಸಲು ಕೈಯೆತ್ತಿದ್ದರು, ಅಷ್ಟರಲ್ಲಿ ಹೆಂಡತಿ ಬಾಯಿಗೆ ಬೆರಳಿಟ್ಟು ಗದರಿದರು.

"ಶ್! ಏಳಿಸಬೇಡಿ ರೀ. ಮನೇಲಿ ದುಡಿಯೋ ಜೀವ ಅದೊಂದೇ, ಸ್ವಲ್ಪ ಮಲಗಲಿ. ನಿಮ್ಮದೇನು, ಬರೀ ಓದೋದು!"