ರೇಡಿಯೋ ಹೇಳದ ಹೆಸರು

ಮದುವೆಯಾದ ಗಂಡಸಿಗೆ ಸ್ವಂತ ಮನೆಯಲ್ಲಿ ಹೆಸರಿರುವುದಿಲ್ಲ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನನ್ನ ಹೆಸರಿನ ಮೇಲೆ ಅಷ್ಟೊಂದು ಜಂಬ ಇಟ್ಟುಕೊಳ್ಳುತ್ತಿರಲಿಲ್ಲ. ಕದಿರಿ ನರಸಿಂಹಸ್ವಾಮಿಗೆ ಹರಕೆ ಹೊತ್ತು ಹೆತ್ತ ಮಗ ಎಂದು ನಮ್ಮವ್ವ ನನಗೆ ಕದರಪ್ಪ ಎಂದು ಹೆಸರಿಟ್ಟಳು. ಪ್ರೈಮರಿ ಶಾಲೆಯ ಮೇಷ್ಟ್ರಾದ ಮೇಲೆ ಆ ಹೆಸರು ಹಾಜರಿ ಪುಸ್ತಕದ ಮೇಲೆ, ಕುರ್ಚಿಯ ಬೆನ್ನಿನ ಮೇಲೆ, ಶಾಲೆಯ ಗಡಿಗೆಯ ಮೇಲೆ ಕೂಡ ಸುಖವಾಗಿ ಬಾಳಿಕೊಂಡಿತ್ತು. ಪಾವಗಡದ ಕಡೆಯಿಂದ ಓಬಳಮ್ಮ ನಮ್ಮ ಹಟ್ಟಿಗೆ ಸೊಸೆಯಾಗಿ ಬಂದಳು ನೋಡಿ, ಅಂದಿನಿಂದ ಅದಕ್ಕೆ ಮನೆಯೊಳಗೆ ಪ್ರವೇಶವೇ ನಿಂತುಹೋಯಿತು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ನಮ್ಮವ್ವನೂ ಹೇಳಿದ್ದಳು, ಅವಳವ್ವನೂ ಹೇಳಿದ್ದಳು. ಬೀಗಿತ್ತಿಯರಿಬ್ಬರು ಜಗಳವಿಲ್ಲದೆ ಒಪ್ಪಿಕೊಂಡ ಸಂಗತಿ ನನಗೆ ತಿಳಿದ ಮಟ್ಟಿಗೆ ಅದೊಂದೇ.

ಓಬಳಮ್ಮ ಯಾವುದನ್ನೂ ಅರ್ಧಕ್ಕೆ ಮಾಡುವವಳಲ್ಲ. ನನ್ನ ಹೆಸರನ್ನು ಬಿಟ್ಟಳು, ಹೋಗಲಿ. ಹೆಸರಿನ ವಾಸನೆ ಇದೆ ಎಂದು ಕದಿರಿಯನ್ನೂ ಬಿಟ್ಟಳು. ಅದು ‘ಸ್ವಾಮಿ ಊರು’ ಆಯಿತು. ನಾನು ‘ಏನಂದ್ರೆ’ ಆದೆ. ಹೊರಗೆ ಯಾರಾದರೂ ಬಂದು “ಮೇಷ್ಟ್ರು ಅವ್ರಾ?” ಎಂದರೆ “ಅವ್ರು ಇಲ್ಲ” ಎನ್ನುತ್ತಿದ್ದಳು. ಈ ಲೋಕದಲ್ಲಿ ‘ಅವ್ರು’ ಎಂದರೆ ನಾನೊಬ್ಬನೇ ಎಂಬ ಆ ದನಿಯನ್ನು ಕೇಳಿ ಮೊದಮೊದಲು ನನಗೆ ಹಿಗ್ಗಾಗುತ್ತಿತ್ತು. ಆಮೇಲೆ ಗೊತ್ತಾಯಿತು, ಹಟ್ಟಿಯ ಎಲ್ಲ ಹೆಂಗಸರಿಗೂ ಒಬ್ಬೊಬ್ಬ ‘ಅವ್ರು’ ಇದ್ದಾನೆ ಎಂದು.

ಒಂದು ಸಲ ಮಾತ್ರ ಅವಳು ನನ್ನ ಹೆಸರು ಹೇಳಿದ್ದಳು. ಮದುವೆಯ ದಿನ. ನಮ್ಮಲ್ಲಿ ಹೊಸ ಮದುಮಗಳು ಮನೆಯೊಳಗೆ ಬರುವಾಗ ನಾದಿನಿಯರು ಹೊಸ್ತಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರು ಹೇಳಿದರೇ ದಾರಿ. ಬರಿದೇ ಹೇಳುವಂತಿಲ್ಲ, ಪದ ಕಟ್ಟಿ ಹೇಳಬೇಕು. ಪದದೊಳಗೆ ಸೇರಿದ ಹೆಸರಿಗೆ ದೋಷವಿಲ್ಲ ಎಂದು ಹಿರಿಯರು ಅಷ್ಟರ ಮಟ್ಟಿಗೆ ರಿಯಾಯಿತಿ ಕೊಟ್ಟಿದ್ದಾರೆ. ಓಬಳಮ್ಮ ತಲೆ ತಗ್ಗಿಸಿಕೊಂಡೇ,

“ಬಿಸಿ ಮುದ್ದೆಗೆ ತುಪ್ಪ, ಹಸಿ ಸೌತೆಗೆ ಉಪ್ಪ,
ಹೊಸಲು ಬುಡೇ ನಾದಿನಿ, ಒಳಗವ್ರೆ ನಮ್ಮ ಕದರಪ್ಪ”

ಎಂದು ಒಂದೇ ಉಸಿರಿಗೆ ಹೇಳಿ ನುಗ್ಗಿಬಿಟ್ಟಳು. ನಾನು ಆಗ ಒಳಗಿರಲಿಲ್ಲ, ಅವಳ ಪಕ್ಕದಲ್ಲೇ ಸೆರಗಿಗೆ ಗಂಟು ಹಾಕಿಸಿಕೊಂಡು ನಿಂತಿದ್ದೆ. ಆದರೂ ಆ ಹೆಸರು ಅಷ್ಟು ಚೆನ್ನಾಗಿದೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

ಇಷ್ಟೆಲ್ಲ ಪೀಠಿಕೆ ಏಕೆಂದರೆ, ಎಪ್ಪತ್ತರ ದಶಕ ಮುಗಿದು ಎಂಬತ್ತರದು ಕಾಲಿಡುವ ಹೊತ್ತಿನ ವಿಧಾನಸಭೆಯ ಅವಧಿಯಲ್ಲಿ ನಮ್ಮ ಕ್ಷೇತ್ರದ ಶಾಸಕರ ಹೆಸರೂ ಕದರಪ್ಪ ಎಂದೇ ಇತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕರಲ್ಲಿ ಅವರು ಯಾವುದರ ಶಾಸಕರು ಎಂದು ಬರೆಯುವುದಿಲ್ಲ. ಬರೆದರೆ ಉಳಿದ ಮೂರರವರು ಇವತ್ತಿಗೂ ನಗುತ್ತಾರೆ. ನಗುವಂಥ ತಪ್ಪನ್ನು ಅವರೇನೂ ಮಾಡಿರಲಿಲ್ಲ. ಸಾಧು ಮನುಷ್ಯ. ಸದನದಲ್ಲಿ ಇನ್ನೂರಕ್ಕೂ ಮಿಕ್ಕಿ ಜನ ಕೂಗಾಡುವಾಗ ಇವರು ಹಿಂದಿನ ಸಾಲಿನಲ್ಲಿ ಟವೆಲು ಮಡಿಸಿಕೊಂಡು ಕೂತಿರುತ್ತಿದ್ದರಂತೆ. ಆದರೆ ಒಂದು ಆಸೆ ಇತ್ತು. ಅರ್ಧ ಅವಧಿಯಲ್ಲಿ ಮುಖ್ಯಮಂತ್ರಿಯೇ ಬದಲಾದರು. ಮಂತ್ರಿಮಂಡಲ ಹೊಸದಾಯಿತು, ಮತ್ತೆ ವಿಸ್ತರಣೆಯಾಯಿತು, ಮತ್ತೆ ಖಾತೆಗಳು ಅದಲುಬದಲಾದವು. ಪ್ರತಿ ಸಲವೂ ಕದರಪ್ಪನವರು ಶಿರಾದ ದರ್ಜಿ ಸಾಬರ ಹತ್ತಿರ ಒಂದು ಹೊಸ ಬಿಳಿ ಜುಬ್ಬ ಹೊಲಿಸುತ್ತಿದ್ದರು. “ಈ ಸಲ ಪಕ್ಕಾ ಸಾಬ್, ಗುಂಡಿ ಸ್ವಲ್ಪ ಗಟ್ಟಿದೇ ಹಾಕಿದೀನಿ, ಹಾರದ ಭಾರಕ್ಕೆ ಕಿತ್ಕೋಬಾರ್ದು” ಎಂದು ಸಾಬರು ಧೈರ್ಯ ಹೇಳುತ್ತಿದ್ದರು.

ಆ ಸಂಜೆಗಳಲ್ಲಿ ನಮ್ಮೂರಿನ ಹೋಟೆಲು ಕಿಕ್ಕಿರಿಯುತ್ತಿತ್ತು. ಗೌಡಗೆರೆ ಕಡೆಯ ಹುರಿದ ಕಡಲೇಕಾಯಿ ಸುಲಿಯುತ್ತಾ ಎಲ್ಲರೂ ರೇಡಿಯೋಗೆ ಕಿವಿ ಕೊಡುವುದು. ವಾರ್ತೆಯವರು ಹೊಸ ಮಂತ್ರಿಗಳ ಪಟ್ಟಿ ಓದುವುದು. ಪಟ್ಟಿ ಮುಗಿಯುತ್ತಿತ್ತು, ಹವಾಮಾನ ಶುರುವಾಗುತ್ತಿತ್ತು, ಕದರಪ್ಪ ಎಂಬ ಹೆಸರು ಮಾತ್ರ ಬರುತ್ತಿರಲಿಲ್ಲ. “ಈ ಸಲಾನೂ ಇಲ್ವಲ್ಲಪ್ಪೋ” ಎಂದು ಸಿಪ್ಪೆ ಕೊಡವಿ ಏಳುತ್ತಿದ್ದವರಿಗೆ ಎದುರಿಗೆ ಸಿಗುತ್ತಿದ್ದವನು ನಾನು. “ಲೇ ಕದ್ರಪ್ಪ, ನಿಂಗ್ಯಾವ ಖಾತೆ ಕೊಟ್ರಲಾ?” ಎಂದು ಶುರು ಹಚ್ಚಿಕೊಳ್ಳುತ್ತಿದ್ದರು. “ನಮ್ಮನೆ ಖಾತೇನೇ ನನ್ ಕೈಲಿಲ್ಲ, ನೀನೊಬ್ಬ” ಎಂದು ನಾನು ಜಾರಿಕೊಳ್ಳುತ್ತಿದ್ದೆ.

ಹೀಗಿರುವಾಗ ನಮ್ಮ ಹಟ್ಟಿಗೆ ಬಾಲವಾಡಿ ಮಂಜೂರಾಯಿತು. ಟೀಚರು ಬೇಕು, ಬ್ಲಾಕ್ ಆಫೀಸಿನಲ್ಲಿ ಸಂದರ್ಶನ ಎಂದು ಸುದ್ದಿ ಬಂತು. ಓಬಳಮ್ಮ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು. ಅವಳ ಹಟ್ಟಿಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣುಮಗಳು. ಆ ಸರ್ಟಿಫಿಕೇಟು ಮದುವೆಯ ಸೀರೆಯ ಮಡಿಕೆಯೊಳಗೆ, ಬೇವಿನ ಸೊಪ್ಪಿನ ನಡುವೆ, ಟ್ರಂಕಿನಲ್ಲಿತ್ತು. ವರ್ಷಕ್ಕೊಮ್ಮೆ ಯುಗಾದಿಯ ಹಿಂದುಮುಂದು ಅದನ್ನು ತೆಗೆದು, ಬಿಸಿಲಿಗೆ ಹಿಡಿದು, ಒಮ್ಮೆ ಓದಿಕೊಂಡು, ಮತ್ತೆ ಒಳಗಿಡುತ್ತಿದ್ದಳು. ಸಂದರ್ಶನದ ಸುದ್ದಿ ಕೇಳಿದ ದಿನ ಅದನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟಳು. “ಇದು ಮನ್ಕೊಂಡೇ ಮುದ್ಕಿ ಆಗೋಯ್ತದೆ. ಒಂದಿನಾನಾದ್ರೂ ಇದ್ಕೆ ಕೆಲ್ಸ ಕೊಡ್ಬೇಕು ಏನಂದ್ರೆ” ಎಂದಳು. ಅವಳು ನನ್ನಲ್ಲಿ ಒಡವೆ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಹಾಗಾಗಿ ಆ ಒಂದು ಮಾತು ನನ್ನನ್ನು ಹಿಡಿದುಕೊಂಡುಬಿಟ್ಟಿತು.

ಸಂದರ್ಶನವೆಂದರೆ ಆ ಕಾಲಕ್ಕೆ ಜನರಲ್ ನಾಲೆಡ್ಜು. ಜನರಲ್ ನಾಲೆಡ್ಜೆಂದರೆ ಮಂತ್ರಿಗಳ ಹೆಸರು. ನಾನು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಮುಖ್ಯಮಂತ್ರಿ, ಸ್ಪೀಕರು, ವಿರೋಧ ಪಕ್ಷದ ನಾಯಕರು, ಖಾತೆವಾರು ಮಂತ್ರಿಗಳು, ಅಕ್ಕಪಕ್ಕದ ತಾಲ್ಲೂಕಿನ ಶಾಸಕರು, ಎಲ್ಲವನ್ನೂ ಗುಂಡಗೆ ಬರೆದು ಗೋಡೆಗೆ ನೇತುಹಾಕಿದೆ. ಬೆತ್ತ ಒಂದನ್ನು ಬಿಟ್ಟು ಪೂರ್ತಿ ಮೇಷ್ಟ್ರಾದೆ. ಅವಳು ಗಿಳಿಪಾಠ ಮಾಡಲಿಲ್ಲ. ಕುರಿ ಸಾಕಿದ ಮನೆಯ ಮಗಳು. ಇಡೀ ಮಂದೆಯಲ್ಲಿ ಒಂದೊಂದು ಕುರಿಯನ್ನೂ ಮುಖ ನೋಡಿ ಹೆಸರು ಹಿಡಿದು ಕರೆಯಬಲ್ಲವಳು. ವಿಧಾನಸಭೆಯನ್ನೂ ಮಂದೆ ಮಾಡಿಕೊಂಡಳು. ಮುಖ್ಯಮಂತ್ರಿಗಳು ಮುಂದೆ ಹೋಗುವ ಟಗರು. ವಿರೋಧ ಪಕ್ಷದ ನಾಯಕರು ಗುದ್ದುವ ಹೋತ. ಸ್ಪೀಕರು ಕೋಲು ಹಿಡಿದು ನಿಂತ ನಮ್ಮ ಮಾವ. ಕಂದಾಯದವರದು ಕಪ್ಪು ಮೂತಿ, ವಿದ್ಯಾಮಂತ್ರಿಗೆ ಜೋಲುಗಿವಿ. ಹದಿನೈದು ದಿನದಲ್ಲಿ ಅವಳಿಗೆ ಬಂದಷ್ಟು ಸದನ ಸದನದಲ್ಲಿದ್ದವರಿಗೂ ಬರುತ್ತಿತ್ತೋ ಇಲ್ಲವೋ.

ಆ ವಾರವೇ ಖಾತೆಗಳು ಅದಲುಬದಲಾದವು. ಹೋಟೆಲಿನಿಂದ ಹೊಸ ಪಟ್ಟಿ ಬರೆದುಕೊಂಡು ಬಂದು ತಪ್ಪು ಮಾಡಿದವನಂತೆ ಬಾಗಿಲಲ್ಲಿ ನಿಂತೆ. ಓಬಳಮ್ಮ ಮುದ್ದೆ ತೊಳಸುತ್ತಿದ್ದಳು. “ಮಂದೆ ಪೂರಾ ರೊಪ್ಪ ಬದಲಾಯಿಸ್ಬುಡ್ತಾ? ಅಯ್ಯೋ ದೇವುಡಾ!” ಎಂದು ಪಾವಗಡದ ತೆಲುಗಿನಲ್ಲಿ ನಿಟ್ಟುಸಿರುಬಿಟ್ಟು, “ಹೇಳಿ, ಕಪ್ಪು ಮೂತಿದು ಎಲ್ಲೋಯ್ತು?” ಎಂದು ಹಿಟ್ಟಿನ ಕೋಲು ಬಿಡದೆಯೇ ಹೊಸದಾಗಿ ಕಲಿತಳು.

ಇಲ್ಲೊಂದು ಮಾತನ್ನು ಒಪ್ಪಿಕೊಳ್ಳಬೇಕು. ಪಾಠ ಒಪ್ಪಿಸಿಕೊಳ್ಳುವಾಗ ಪ್ರತಿದಿನವೂ ನಾನು ಕೊನೆಯಲ್ಲಿ “ನಮ್ಮ ಕ್ಷೇತ್ರದ ಶಾಸಕರು?” ಎಂದು ಕೇಳುತ್ತಿದ್ದೆ. ಪ್ರತಿದಿನವೂ ಅವಳು “ಅದು ಗೊತ್ತು, ಮುಂದುಕ್ಕೋಗಿ” ಎನ್ನುತ್ತಿದ್ದಳು. ಮುಂದೆ ಏನೂ ಇರಲಿಲ್ಲವಾದ್ದರಿಂದ ನಾನು ಪಾಠ ಮುಗಿಸುತ್ತಿದ್ದೆ. ಇಷ್ಟು ವರ್ಷ ಮಕ್ಕಳ ಕಳ್ಳಾಟ ಕಂಡ ಮೇಷ್ಟ್ರಿಗೆ ಇದು ಹೊಳೆಯಲಿಲ್ಲ.

ಸಂದರ್ಶನದ ದಿನ ಬಡವನಹಳ್ಳಿ ಸಂತೆಯಲ್ಲಿ ತಂದ ಹಸಿರು ಸೀರೆ ಉಟ್ಟುಕೊಂಡು ಓಬಳಮ್ಮ ಒಳಗೆ ಹೋದಳು. ನಾನು ಬ್ಲಾಕ್ ಆಫೀಸಿನ ಕಿಟಕಿಯ ಹೊರಗೆ, ಬುತ್ತಿಯ ಚೀಲ ಹಿಡಿದುಕೊಂಡು, ಹೊಂಗೆಮರ ನೋಡುವವನಂತೆ ನಿಂತೆ. ಒಳಗೆ ಮೂರು ಕುರ್ಚಿ. ಒಂದರಲ್ಲಿ ಬಿ.ಡಿ.ಓ. ಸಾಹೇಬರು, ಒಂದರಲ್ಲಿ ಬಾಲವಾಡಿಗಳ ಮೇಲ್ವಿಚಾರಣೆಯ ಮುಖ್ಯ ಸೇವಿಕೆ. ನಡುವಿನ ಕುರ್ಚಿಯಲ್ಲಿ ಆಯ್ಕೆ ಸಮಿತಿಯ ಅಧ್ಯಕ್ಷರು. ಅಧ್ಯಕ್ಷರು ಯಾರೆಂದರೆ, ಹೊಲಿಸಿ ಹಾಗೇ ಉಳಿದ ಜುಬ್ಬಗಳಲ್ಲಿ ಒಂದನ್ನು ತೊಟ್ಟುಕೊಂಡ ಶಾಸಕ ಕದರಪ್ಪನವರು!

ಓಬಳಮ್ಮ ಮುಖ್ಯಮಂತ್ರಿಯಿಂದ ಹಿಡಿದು ಕೊನೆಯ ಉಪಮಂತ್ರಿಯವರೆಗೆ ಮಂದೆಯನ್ನು ಒಂದೂ ತಪ್ಪದಂತೆ ಹೊಡೆದುಕೊಂಡು ಬಂದಳು. ಅಕ್ಕಪಕ್ಕದ ಮೂರು ತಾಲ್ಲೂಕಿನ ಶಾಸಕರ ಹೆಸರನ್ನೂ ಹೇಳಿದಳು. ಬಿ.ಡಿ.ಓ. ತಲೆದೂಗಿ, ಅಧ್ಯಕ್ಷರನ್ನೂ ಒಂದಿಷ್ಟು ಸಂತೋಷಪಡಿಸೋಣವೆಂದು, “ಇನ್ನು ಸುಲಭದ್ದು ಕೇಳ್ತೀನಮ್ಮ. ನಮ್ಮ ಕ್ಷೇತ್ರದ ಎಮ್ಮೆಲ್ಲೆ ಯಾರು?” ಎಂದರು.

“ಇವ್ರೇ ಸಾ” ಎಂದಳು, ಕೈ ತೋರಿಸಿ.

“ಅದು ಗೊತ್ತಮ್ಮ. ಹೆಸ್ರು?”

ಓಬಳಮ್ಮನ ಕೈ ಸೆರಗಿನ ತುದಿಗೆ ಹೋಯಿತು. ಹೊರಗೆ ನನ್ನ ಕೈಯ ಬುತ್ತಿ ಒಮ್ಮೆಲೇ ಭಾರವಾಯಿತು. ‘ಅದು ಗೊತ್ತು, ಮುಂದುಕ್ಕೋಗಿ’ ಎಂಬುದರ ಅರ್ಥ ಆ ಕ್ಷಣದಲ್ಲಿ ನನಗೆ ಆಯಿತು. ಹದಿನೈದು ದಿನ ಮಂತ್ರಿಗಳನ್ನೆಲ್ಲ ಕಲಿಸಿದ ಮಹಾ ಪಂಡಿತ ನಾನು, ನನ್ನ ಹೆಂಡತಿ ನನ್ನ ಹೆಸರು ಹೇಳುವುದಿಲ್ಲ ಎಂಬ ಒಂದೇ ಒಂದು ಸಂಗತಿಯನ್ನು ಮರೆತಿದ್ದೆ.

“ಅಲ್ಲಮ್ಮ, ಊರೋರ್ ಎಮ್ಮೆಲ್ಲೆಗಳೆಲ್ಲ ಗೊತ್ತು, ನಮ್ ಸಾಹೇಬ್ರು ಗೊತ್ತಿಲ್ವಾ? ಏನ್ ಬಾಲವಾಡಿ ನಡೆಸ್ತೀಯ ನೀನು?” ಬಿ.ಡಿ.ಓ. ದನಿ ಏರಿತು. ಪೆನ್ನು ಕಾಗದದ ಮೇಲೆ ಅಡ್ಡಗೆರೆ ಎಳೆಯಲು ತಯಾರಾಗಿ ನಿಂತಿತು. ಓಬಳಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡಿದಳು. ಕೆಲಸ ಹೋದರೆ ಹೋಗಲಿ, ಗಂಡನ ಆಯಸ್ಸು ಇರಲಿ ಎಂದು ಅವಳು ಆಗಲೇ ಲೆಕ್ಕ ಮುಗಿಸಿದ್ದಳು ಎಂದು ನನಗೆ ಅವಳ ಕುತ್ತಿಗೆ ನೋಡಿಯೇ ತಿಳಿಯಿತು. ಕಿಟಕಿಯಿಂದ ನಾನೇ ಕೂಗಿಬಿಡೋಣವೆಂದು ಸರಳಿಗೆ ಮುಖ ತಂದೆ.

ಆಗ ಶಾಸಕರು ಮೆಲ್ಲಗೆ ಮಾತಾಡಿದರು. “ಹೋಗ್ಲಿ ಬುಡಿ ಸಾಹೇಬ್ರೆ. ಇಷ್ಟು ಸಲ ಪಟ್ಟಿ ಓದಿ ರೇಡಿಯೋದೋರೇ ಹೇಳ್ದಿರೋ ಹೆಸ್ರು. ಪಾಪ, ಆಯಮ್ಮುಂಗೆ ಎಂಗ್ ಗೊತ್ತಾಯ್ತದೆ?” ನಗುತ್ತಲೇ ಹೇಳಿದರು. ಆದರೆ ಜುಬ್ಬದ ಆ ಗಟ್ಟಿ ಗುಂಡಿಯನ್ನು ಕೈ ಸುಮ್ಮನೆ ತಿರುವುತ್ತಿತ್ತು.

ಓಬಳಮ್ಮ ತಲೆ ಎತ್ತಿ ಅವರ ಮುಖ ನೋಡಿದಳು. ಕೆಲಸಕ್ಕಾಗಿ ಬಾಯಿ ಬಿಡದವಳು ಆ ಮುಖ ನೋಡಲಾರದೆ ಬಾಯಿ ಬಿಟ್ಟಳು. ಕಣ್ಣು ಮುಚ್ಚಿಕೊಂಡು, ಅದೇ ಒಂದೇ ಉಸಿರಿನಲ್ಲಿ,

“ಬಿಸಿ ಮುದ್ದೆಗೆ ತುಪ್ಪ, ಹಸಿ ಸೌತೆಗೆ ಉಪ್ಪ,
ಕುರ್ಚಿ ಮ್ಯಾಲೆ ಕುಂತವ್ರೆ ಎಮ್ಮೆಲ್ಲೆ ನಮ್ಮ ಕದರಪ್ಪ!”

ಎಂದುಬಿಟ್ಟಳು.

ಮುಖ್ಯ ಸೇವಿಕೆ ಥಟ್ಟನೆ ಅರ್ಜಿಯನ್ನು ತಿರುವಿ, ಗಂಡನ ಹೆಸರು ಎಂಬಲ್ಲಿ ಬೆರಳಿಟ್ಟು, “ಸಾರ್! ಇವ್ರ ಯಜಮಾನ್ರ ಹೆಸ್ರೂ ಅದೇ ಸಾರ್!” ಎಂದು ಸೆರಗು ಬಾಯಿಗೆ ಅಡ್ಡ ಹಿಡಿದರು. ಬಿ.ಡಿ.ಓ. ಪೆನ್ನು ಮುಚ್ಚಿದರು. ಶಾಸಕರು ಮೊದಲು ಸದ್ದಿಲ್ಲದೆ ಹೊಟ್ಟೆ ಕುಲುಕಿಸಿ ನಕ್ಕರು, ಆಮೇಲೆ ಟವೆಲಿನಿಂದ ಕಣ್ಣು ಒರೆಸಿಕೊಂಡರು. “ಇನ್ನೊಂದ್ ಸಲ ಹೇಳವ್ವ” ಎಂದರು.

“ಆಗಾಕಿಲ್ಲ ಸಾ. ಒಂದ್ ಪದಕ್ಕೆ ಒಂದೇ ಸಲ.”

“ನಮ್ಮನೇಲೂ ಇದೇ ಕತೆ ಕಣವ್ವ. ಸದನದಾಗೆ ಮಾನ್ಯ ಸದಸ್ಯರು ಅಂತಾರೆ, ಮನೇಲಿ ಏನಂದ್ರೆ ಅಂತಾಳೆ. ನಮ್ಮವ್ವ ಹೋದ ಮ್ಯಾಲೆ ನನ್ ಹೆಸ್ರ ಬಾಯ್ತುಂಬ ಹೇಳ್ದೋಳು ನೀನೊಬ್ಳೇ” ಎಂದರು ಶಾಸಕರು. ಇದನ್ನು ಕೇಳುತ್ತ ಕಿಟಕಿಯ ಹೊರಗೆ ಇನ್ನೊಬ್ಬ ಕದರಪ್ಪ ಹೊಂಗೆಮರಕ್ಕೆ ಒರಗಿಕೊಂಡು ಮೂಗು ಸೀಟುತ್ತಿದ್ದುದು ಅವರಿಗೆ ಗೊತ್ತಾಗಲಿಲ್ಲ.

ಬಸ್ಸಿಳಿದು ಹಟ್ಟಿಯ ಕಡೆ ನಡೆಯುವಾಗ ನನಗೆ ಕಾಲು ನೆಲದ ಮೇಲಿರಲಿಲ್ಲ. ಮದುವೆಯ ದಿನದ ಮೇಲೆ ಇದೇ ಮೊದಲು! “ಅಷ್ಟು ಜನದ ಮುಂದೆ ನನ್ನ ಹೆಸರು ಹೇಳೇಬಿಟ್ಟೆಯಲ್ಲೇ” ಎಂದೆ, ಹಿಗ್ಗನ್ನು ಮುಚ್ಚಿಡಲಾಗದೆ.

ಓಬಳಮ್ಮ ನಡಿಗೆಯನ್ನೂ ನಿಲ್ಲಿಸಲಿಲ್ಲ. “ನಾನ್ಯಾವಾಗ ನಿಮ್ಮೆಸ್ರು ಹೇಳ್ದೆ? ಕುರ್ಚಿ ಮ್ಯಾಲೆ ಕುಂತೋರ್ ಹೆಸ್ರು ಹೇಳ್ದೆ. ನೀವು ಹೊಂಗೆಮರದಡೀಲಿ ನಿಂತಿದ್ರಿ.”

ಬಾಲವಾಡಿಯ ಆರ್ಡರು ಬಂತು. ಸರ್ಟಿಫಿಕೇಟು ಟ್ರಂಕಿನಿಂದ ಹೊರಬಿದ್ದು, ಕಟ್ಟು ಹಾಕಿಸಿಕೊಂಡು, ಮಕ್ಕಳ ನಡುವೆ ಗೋಡೆಯ ಮೇಲೆ ಕೂತಿತು. ವಿಧಾನಸಭೆಯ ಅವಧಿಯೂ ಮುಗಿಯುತ್ತ ಬಂತು. ಮುಂದಿನ ಚುನಾವಣೆಯಲ್ಲಿ ಕದರಪ್ಪನವರೇ ಗೆಲ್ಲಲಿ ಎಂದು ನಾನು ಯಾರಿಗೂ ಹೇಳದೆ ಸಿದ್ದರಬೆಟ್ಟ ಹತ್ತಿ ಕೈಮುಗಿದು ಬಂದೆ. ಸರ್ಕಾರಿ ಮೇಷ್ಟ್ರು ಅದಕ್ಕಿಂತ ಹೆಚ್ಚು ಪ್ರಚಾರ ಮಾಡುವಂತಿರಲಿಲ್ಲ. ಅವರು ಗೆದ್ದರೆ ಬಾಲವಾಡಿ ನೋಡಲು ಯಾರಾದರೂ ದೊಡ್ಡ ಸಾಹೇಬರು ಬರುತ್ತಾರೆ, ಶಾಸಕರು ಯಾರೆಂದು ಕೇಳುತ್ತಾರೆ, ಪಕ್ಕದವನ ಹೆಸರಾಗಿಯಾದರೂ ಸರಿ ಇನ್ನೊಂದು ಸಲ ಕೇಳಿಸಿಕೊಳ್ಳಬಹುದು ಎಂಬ ದುರಾಸೆ. ಅವರು ಸೋತರು. ಹೊಸದಾಗಿ ಬಂದ ಶಾಸಕರ ಹೆಸರನ್ನು ಓಬಳಮ್ಮ ಮಕ್ಕಳಿಗೆ ರಾಗವಾಗಿ, ದಿನಕ್ಕೆ ಹತ್ತು ಸಲ ಹೇಳಿಕೊಡುತ್ತಿದ್ದಳು. ಆ ಮನುಷ್ಯನ ಮೇಲೆ ನನಗೆ ಮೊದಲ ದಿನದಿಂದಲೇ ಅಭಿಪ್ರಾಯ ಚೆನ್ನಾಗಿರಲಿಲ್ಲ.

ಈಗಲೂ ಒಳಗಿನಿಂದ “ಏನಂದ್ರೆ” ಎಂದು ದನಿ ಬಂದರೆ ನಾನು ಹಿಂದಿನ ಸಾಲಿನ ಮಾನ್ಯ ಸದಸ್ಯನಂತೆ ಟವೆಲು ಕೊಡವಿಕೊಂಡು ಎದ್ದು ನಿಲ್ಲುತ್ತೇನೆ. ಈ ಸಲವಾದರೂ ಪಟ್ಟಿಯಲ್ಲಿ ಹೆಸರು ಬಂದೀತೇನೋ ಎಂದು ಒಂದು ಗಳಿಗೆ ಕಾಯುತ್ತೇನೆ.

“ಸೌತೆಕಾಯಿ ಹೆಚ್ಚಿಟ್ಟಿದೀನಿ, ಉಪ್ಪು ಹಾಕೊಳ್ಳಿ” ಎನ್ನುತ್ತಾಳೆ.

ಹಾಕಿಕೊಳ್ಳುತ್ತೇನೆ.